ಮುರಿಯದ ಸೆರಾಮಿಕ್, ಉರಿಯದ ಇಂಗಾಲ

ಮಡಿಕೇರಿಯಿಂದ ಸಂಪಾಜೆ ಕಡೆ ಘಾಟಿ ಇಳಿಯುವಾಗ ರಸ್ತೆ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗೆ ಬರುತ್ತದೆ. 16 ಟನ್ ತೂಕದ ಲೋಡ್ ಲಾರಿ ಅಷ್ಟು ಎತ್ತರ ಇಳಿದರೆ ಎಷ್ಟು ಶಕ್ತಿ ಬಿಡುಗಡೆ ಆಗುತ್ತದೆ ಗೊತ್ತಾ? ಸುಮಾರು 157 ಮೆಗಾಜೂಲ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ 43-44 ಯೂನಿಟ್. ಗೇರಿನಲ್ಲೇ ಇಳಿಸಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ. ಬ್ರೇಕನ್ನೇ ನಂಬಿಕೊಂಡು ಇಳಿದರೆ ಆ ಶಕ್ತಿಯೆಲ್ಲ ಬಿಸಿಯಾಗಿ ಡ್ರಮ್ಮಿಗೂ ಲೈನರ್‌ಗೂ ಹೋಗುತ್ತದೆ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಕೊನೆಗೆ ಪೆಡಲ್ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಘಾಟಿ ರಸ್ತೆಯ ಡ್ರೈವರ್‌ಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಲಾರಿಗೆ ಈ ಕೆಲಸಕ್ಕೆ ಅರ್ಧ ಗಂಟೆಗೂ ಜಾಸ್ತಿ ಸಮಯ ಸಿಗುತ್ತದೆ. ರನ್‌ವೇ ಮೇಲೆ ಇಳಿದ ವಿಮಾನಕ್ಕೆ ಸಿಗುವುದು ಕೆಲವೇ ಸೆಕೆಂಡ್. ಅದಕ್ಕೇ ಕಾನ್ಕಾರ್ಡ್ ವಿಮಾನದ ಕಾಲದಿಂದ ವಿಮಾನದ ಬ್ರೇಕುಗಳಿಗೆ ಉಕ್ಕು ಬಿಟ್ಟು ಕಾರ್ಬನ್ ಬಂತು. ರಾಕೆಟ್ಟಿನ ನಾಝಲ್ (ಬಿಸಿ ಅನಿಲ ಹೊರಬರುವ ಬಾಯಿ), ಆಕಾಶದಿಂದ ವಾತಾವರಣಕ್ಕೆ ಮರಳುವ ನೌಕೆಯ ಮೂತಿ, ಜೆಟ್ ಎಂಜಿನ್ನಿನ ಹಿಂಭಾಗದ ಬಾಯಿಯ ಸುತ್ತಲಿನ ಪಟ್ಟಿಗಳು ಅಂದರೆ ಫ್ಲಾಪ್, ಇವೆಲ್ಲ ಇನ್ನೂ ಕಷ್ಟದ ಜಾಗಗಳು. ಅಲ್ಲಿ ಬೇಕಾದ ವಸ್ತು ಹಗುರ ಇರಬೇಕು, ಸಾವಿರ ಡಿಗ್ರಿ ದಾಟಿದರೂ ಮೆತ್ತಗಾಗಬಾರದು, ಪೆಟ್ಟು ಬಿದ್ದರೆ ಚೂರಾಗಬಾರದು, ಗಾಳಿಯಲ್ಲಿ ಉರಿದುಹೋಗಲೂ ಬಾರದು.

ಈ ನಾಲ್ಕೂ ಗುಣ ಒಟ್ಟಿಗೆ ಇರುವ ವಸ್ತು ಒಂದೂ ಇಲ್ಲ. ಆದ್ದರಿಂದ ಎರಡು ವಸ್ತುಗಳನ್ನು ಜೋಡಿಸಿದರು. ಒಂದು ಕಾರ್ಬನ್ ಫೈಬರ್, ಇನ್ನೊಂದು ಸಿಲಿಕಾನ್ ಕಾರ್ಬೈಡ್ ಎಂಬ ಸೆರಾಮಿಕ್. ಗ್ರೈಂಡಿಂಗ್ ಚಕ್ರಗಳಲ್ಲಿ, ಸಾಣೆ ಕಲ್ಲುಗಳಲ್ಲಿ ಇರುವ ಅದೇ ಗಡಸು ಪದಾರ್ಥ. ಈ ಜೋಡಿಯ ಬಗ್ಗೆ ಓದುವಾಗ ‘ಟಫ್‌ನೆಸ್ ಹೆಚ್ಚಿಸುವುದು’ (ಅಂದರೆ ಸುಲಭವಾಗಿ ಒಡೆಯದಂತೆ ಮಾಡುವುದು) ಒಂದು ಅಧ್ಯಾಯ, ‘ಉರಿಯದಂತೆ ಕಾಪಾಡುವುದು’ ಇನ್ನೊಂದು ಅಧ್ಯಾಯ ಅಂತ ಬೇರೆ ಬೇರೆ ಸಿಗುತ್ತವೆ. ನನಗೆ ಈ ವಿಂಗಡಣೆ ಸರಿ ಅನ್ನಿಸುವುದಿಲ್ಲ. ಅವು ಒಂದೇ ಸಮಸ್ಯೆಯ ಎರಡು ಮುಖ. ಒಂದನ್ನು ಸರಿ ಮಾಡುವ ಉಪಾಯವೇ ಇನ್ನೊಂದನ್ನು ಕೆಡಿಸುತ್ತದೆ. ಅದು ಹೇಗೆ ಅನ್ನುವುದು ಗೊತ್ತಾದರೆ ಈ ಕ್ಷೇತ್ರದ ಅರ್ಧ ವಿಷಯ ಅರ್ಥವಾದ ಹಾಗೆ.

ಮೊದಲು ಎಳೆಯ ವಿಷಯ. ಕಾರ್ಬನ್ ಫೈಬರ್‌ನ ಒಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಅಕ್ರಿಲಿಕ್ ಜಾತಿಯ ಪ್ಲಾಸ್ಟಿಕ್ ಎಳೆಯನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಗೆ ಹದವಾಗಿ ಬಿಸಿ ಮಾಡುತ್ತಾರೆ. ಆಮೇಲೆ ಗಾಳಿಯಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಕೊನೆಗೆ ಉಳಿಯುವುದು ಬಹುಪಾಲು ಇಂಗಾಲ ಮಾತ್ರ. ಅದರ ಪರಮಾಣುಗಳ ಹಾಳೆಗಳು ಎಳೆಯ ಉದ್ದಕ್ಕೂ ಸಾಲಾಗಿ ಕೂತಿರುತ್ತವೆ. ಹಾಗಾಗಿ ಉದ್ದಕ್ಕೆ ಎಳೆದರೆ ಸಾಮಾನ್ಯ ಉಕ್ಕಿಗಿಂತ ಹಲವು ಪಟ್ಟು ಬಲ, ತೂಕ ಮಾತ್ರ ಉಕ್ಕಿನ ಕಾಲು ಭಾಗಕ್ಕಿಂತ ಕಡಿಮೆ. ಗಾಳಿ ಇಲ್ಲದ ಕಡೆ 2,000 ಡಿಗ್ರಿ ದಾಟಿದರೂ ಈ ಬಲ ಕುಗ್ಗುವುದಿಲ್ಲ. ಅಂಥ ಬಿಸಿಯಲ್ಲಿ ಕಬ್ಬಿಣ ಯಾವತ್ತೋ ಕರಗಿ ನೀರಾಗಿರುತ್ತದೆ.

ಗಾಳಿ ಇದ್ದರೆ? 400ರಿಂದ 500 ಡಿಗ್ರಿಗೇ ಉರಿಯಲು ಶುರು. ಎಷ್ಟಾದರೂ ಅದು ಇಂಗಾಲ ಅಲ್ವಾ.

ಸಿಲಿಕಾನ್ ಕಾರ್ಬೈಡ್ ಇದಕ್ಕೆ ಪೂರ್ತಿ ತದ್ವಿರುದ್ಧ. ಗಾಳಿಯಲ್ಲಿ 1,500 ಡಿಗ್ರಿವರೆಗೂ ಧೈರ್ಯವಾಗಿ ನಿಲ್ಲುತ್ತದೆ. ಆದರೆ ಹಠಾತ್ ಪೆಟ್ಟು ಬಿದ್ದರೆ ಒಡೆದು ಚೂರು ಚೂರು.

ಒಡೆಯುವುದು ಅಂದರೆ ಏನು ಅನ್ನುವುದನ್ನು ಇಂಗ್ಲೆಂಡಿನ ಎಂಜಿನಿಯರ್ ಗ್ರಿಫಿತ್ ನೂರು ವರ್ಷದ ಹಿಂದೆಯೇ, 1920ರ ಹೊತ್ತಿಗೆ, ಗಾಜಿನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಯಾವ ವಸ್ತುವಿನಲ್ಲೂ ಕಣ್ಣಿಗೆ ಕಾಣದ ಗೀರು, ತೂತು ಇದ್ದೇ ಇರುತ್ತವೆ. ಎಳೆದಾಗ ಆ ಗೀರಿನ ತುದಿಯಲ್ಲಿ ಒತ್ತಡ ಗುಂಪುಗೂಡುತ್ತದೆ. ಲೋಹವಾದರೆ ಆ ತುದಿಯಲ್ಲಿ ಸ್ವಲ್ಪ ಬಾಗಿ, ಹಿಗ್ಗಿ, ಒತ್ತಡವನ್ನು ಹಂಚಿಕೊಂಡು ಬಿಡುತ್ತದೆ. ಸೆರಾಮಿಕ್‌ಗೆ ಬಾಗಿ ಗೊತ್ತಿಲ್ಲ. ಬಿರುಕು ಒಮ್ಮೆ ಹೊರಟರೆ ಈ ಕಡೆಯಿಂದ ಆ ಕಡೆಗೆ ಹೋಗಿಯೇ ನಿಲ್ಲುವುದು. ಬಿರುಕು ಓಡದಂತೆ ತಡೆಯುವ ಶಕ್ತಿಗೆ ಟಫ್‌ನೆಸ್ ಅನ್ನುತ್ತಾರೆ. ಅದನ್ನು ಅಳೆಯುವ ಮಾನದಲ್ಲಿ ಕಿಟಕಿ ಗಾಜಿಗೆ 1ಕ್ಕಿಂತ ಕಡಿಮೆ, ಬರೀ ಸಿಲಿಕಾನ್ ಕಾರ್ಬೈಡ್‌ಗೆ 3ರಿಂದ 4, ಒಳ್ಳೆಯ ಉಕ್ಕಿಗೆ 50ಕ್ಕೂ ಜಾಸ್ತಿ. ಗಡಸುತನ ಬೇರೆ, ಟಫ್‌ನೆಸ್ ಬೇರೆ. ಇವೆರಡನ್ನು ಒಂದೇ ಅಂದುಕೊಂಡರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಈಗ ಸೆರಾಮಿಕ್ ಒಳಗೆ ಕಾರ್ಬನ್ ಎಳೆಗಳನ್ನು ಸೇರಿಸಿದೆವು ಅಂದುಕೊಳ್ಳಿ. ಎಳೆ ಗಟ್ಟಿ, ಅದನ್ನು ಸೆರಾಮಿಕ್‌ಗೆ ಭದ್ರವಾಗಿ ಅಂಟಿಸಿದರೆ ಇನ್ನೂ ಗಟ್ಟಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಗುವುದು ಉಲ್ಟಾ. ಭದ್ರವಾಗಿ ಅಂಟಿದ್ದರೆ ಸೆರಾಮಿಕ್‌ನಲ್ಲಿ ಓಡಿ ಬಂದ ಬಿರುಕು ಎಳೆ ಸಿಕ್ಕಿದರೂ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಎಳೆಯನ್ನೂ ಕತ್ತರಿಸಿಕೊಂಡು ಮುಂದೆ ಹೋಗುತ್ತದೆ. ಅಷ್ಟು ದುಬಾರಿ ಎಳೆ ಹಾಕಿದ್ದು ದಂಡ.

ಆದ್ದರಿಂದ ಎಳೆಗೂ ಸೆರಾಮಿಕ್‌ಗೂ ನಡುವೆ ಬೇಕಂತಲೇ ಒಂದು ಬಲಹೀನ ಪದರ ಇಡುತ್ತಾರೆ. ದಪ್ಪ ಒಂದು ಮೈಕ್ರಾನ್‌ಗಿಂತ ಕಡಿಮೆ. ಹೆಚ್ಚಾಗಿ ಅದು ಪೈರೋಲಿಟಿಕ್ ಕಾರ್ಬನ್. ಮೀಥೇನ್‌ನಂಥ ಅನಿಲವನ್ನು ಬಿಸಿಯಲ್ಲಿ ಒಡೆದು ಎಳೆಯ ಮೇಲೆ ಕೂರಿಸುವ, ಗ್ರಾಫೈಟ್ ಹಾಗೆ ಪದರ ಪದರವಾಗಿರುವ ಇಂಗಾಲ. ಬಿರುಕು ಬಂದು ಈ ಪದರಕ್ಕೆ ತಾಗಿದಾಗ ನೇರ ಹೋಗುವುದಕ್ಕಿಂತ ಪಕ್ಕಕ್ಕೆ ತಿರುಗುವುದು ಅದಕ್ಕೆ ಸುಲಭ. ಎಳೆಯ ಉದ್ದಕ್ಕೂ ಜಾರಿಕೊಂಡು ಹೋಗುತ್ತದೆ. ಎಳೆ ಮುರಿಯದೆ ಉಳಿಯುತ್ತದೆ, ಬಿರುಕಿನ ಎರಡು ದಡಗಳನ್ನು ಹಿಡಿದು ನಿಲ್ಲುತ್ತದೆ. ಇನ್ನೂ ಎಳೆದರೆ ಬೇರೆ ಕಡೆ ಹೊಸ ಬಿರುಕು ಹುಟ್ಟುತ್ತದೆ, ಅಲ್ಲೂ ಇದೇ ಕತೆ. ಕೊನೆಗೆ ಎಳೆಗಳು ಒಂದೊಂದಾಗಿ ತುಂಡಾಗಿ ತಮ್ಮ ಗೂಡಿನಿಂದ ಉಜ್ಜಿಕೊಂಡು ಹೊರಬರುತ್ತವೆ. ಆ ಉಜ್ಜುವಿಕೆಯಲ್ಲೇ ಸಾಕಷ್ಟು ಶಕ್ತಿ ಖರ್ಚಾಗಿ ಹೋಗುತ್ತದೆ.

ಮುರಿದ ತುಂಡನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇದನ್ನು ಯಾರೂ ವಿವರಿಸಬೇಕಿಲ್ಲ. ಅಂಟು ಜಾಸ್ತಿಯಾದ ತುಂಡಿನ ಮುರಿದ ಮುಖ ಕತ್ತಿಯಲ್ಲಿ ಕುಯ್ದಷ್ಟು ಚಪ್ಪಟೆ. ಎಳೆ ಎಲ್ಲಿ, ಸೆರಾಮಿಕ್ ಎಲ್ಲಿ ಅಂತ ಹುಡುಕಬೇಕು. ನಡುವಿನ ಪದರ ಹದವಾಗಿ ಕೂತ ತುಂಡಿನಲ್ಲಿ ಮುಖದ ತುಂಬ ಎಳೆಗಳು ಹೊರಗೆ ಚಾಚಿಕೊಂಡಿರುತ್ತವೆ. ಒಂದು ಉದ್ದ, ಒಂದು ಗಿಡ್ಡ. ಪಕ್ಕದಲ್ಲೇ ಎಳೆ ಕಿತ್ತು ಬಂದ ದುಂಡನೆಯ ತೂತುಗಳು. ಪ್ರತಿ ಎಳೆಯೂ, ಪ್ರತಿ ತೂತೂ ತಾನು ಎಷ್ಟು ಶಕ್ತಿ ತಿಂದೆ ಅನ್ನುವುದಕ್ಕೆ ಸಾಕ್ಷಿ. ಬರೀ ಸೆರಾಮಿಕ್ ಉದ್ದದಲ್ಲಿ ಶೇಕಡ 0.1ರಷ್ಟು ಹಿಗ್ಗುವ ಹೊತ್ತಿಗೆ ಒಡೆದರೆ, ಇಂಥ ಜೋಡಿ ವಸ್ತು ಶೇಕಡ 0.5ರ ಆಚೆಗೂ ತಾಳುತ್ತದೆ. ಟಫ್‌ನೆಸ್ ಕೂಡ ಬರೀ ಸೆರಾಮಿಕ್‌ಗಿಂತ ಹಲವು ಪಟ್ಟು ಮೇಲೆ ಹೋಗುತ್ತದೆ.

ಪದರದ ದಪ್ಪದಲ್ಲಿ ತುಂಬ ಹದ ಬೇಕು. ತೀರ ತೆಳುವಾದರೆ ಬಿರುಕು ತಿರುಗುವುದಿಲ್ಲ. ತೀರ ದಪ್ಪವಾದರೆ ಹಿಡಿತವೇ ಇರುವುದಿಲ್ಲ, ಸೆರಾಮಿಕ್ ಮೇಲಿನ ಭಾರ ಎಳೆಗೆ ದಾಟುವುದೇ ಇಲ್ಲ. ಇನ್ನೂ ಮುಂದೆ ಹೋದವರು ಇಂಗಾಲ, ಸಿಲಿಕಾನ್ ಕಾರ್ಬೈಡ್, ಮತ್ತೆ ಇಂಗಾಲ ಅಂತ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಬಿರುಕು ಒಂದೊಂದು ಪದರದಲ್ಲೂ ಸುತ್ತು ಹಾಕಿ ಸುಸ್ತಾಗಲಿ ಅಂತ. ಎಳೆಗಳನ್ನು ಬಟ್ಟೆಯ ಹಾಗೆ ಮಡಿಕೆ ಮಡಿಕೆಯಾಗಿ ಮಾತ್ರ ಇಟ್ಟರೆ ಮಡಿಕೆಗಳು ಬಿಟ್ಟುಕೊಳ್ಳುವ ಭಯ ಇರುತ್ತದೆ. ಅದಕ್ಕೆ ಸೂಜಿಯಿಂದ ಚುಚ್ಚಿ ಒಂದಷ್ಟು ಎಳೆಗಳನ್ನು ಮೇಲಿಂದ ಕೆಳಕ್ಕೆ ದಾಟಿಸುತ್ತಾರೆ, ಇಲ್ಲವೇ ಮೂರು ದಿಕ್ಕಿಗೂ ನೇಯುತ್ತಾರೆ. ಎಳೆಗಳ ನಡುವೆ ಸಿಲಿಕಾನ್ ಕಾರ್ಬೈಡ್‌ನ ನ್ಯಾನೋ ತಂತಿಗಳನ್ನು ಬೆಳೆಸುವವರೂ ಇದ್ದಾರೆ.

ಎಳೆಗಳ ಸಂದಿಗೆ ಸೆರಾಮಿಕ್ ತುಂಬುವ ವಿಧಾನ ಮುಖ್ಯವಾಗಿ ಮೂರು. ಮೊದಲನೆಯದು, ಮೀಥೈಲ್ ಟ್ರೈಕ್ಲೋರೋಸಿಲೇನ್ ಎಂಬ ರಾಸಾಯನಿಕದ ಆವಿಯನ್ನು ಸಾವಿರ ಡಿಗ್ರಿ ಆಸುಪಾಸಿನಲ್ಲಿ ಒಳಗೆ ಹಾಯಿಸಿ, ಅಲ್ಲೇ ಸಿಲಿಕಾನ್ ಕಾರ್ಬೈಡ್ ಆಗಿ ಕೂರುವಂತೆ ಮಾಡುವುದು. ಗುಣಮಟ್ಟ ಚೆನ್ನ, ಆದರೆ ವಾರಗಟ್ಟಲೆ ಕಾಯಬೇಕು, ಅಷ್ಟಾದರೂ ಶೇಕಡ 10ಕ್ಕೆ ಕಡಿಮೆಯಿಲ್ಲದಷ್ಟು ಸಂದಿ ಉಳಿದೇ ಇರುತ್ತದೆ. ಎರಡನೆಯದು, ಸಿಲಿಕಾನ್ ಇರುವ ಪಾಲಿಮರ್ ದ್ರವ ಕುಡಿಸಿ ಸುಡುವುದು. ಜಪಾನಿನ ವಿಜ್ಞಾನಿ ಯಾಜಿಮಾ 1970ರ ದಶಕದಲ್ಲಿ ತೋರಿಸಿಕೊಟ್ಟ ರಸಾಯನ ಇದರ ತಳಹದಿ. ಸುಟ್ಟಾಗ ಪಾಲಿಮರ್ ಕುಗ್ಗುವುದರಿಂದ ಮತ್ತೆ ಮತ್ತೆ ಕುಡಿಸಿ ಸುಡಬೇಕು. ಮೂರನೆಯದು, ಕರಗಿದ ಸಿಲಿಕಾನ್ ಅನ್ನೇ ಕುಡಿಸುವುದು. ಸಿಲಿಕಾನ್ 1,414 ಡಿಗ್ರಿಗೆ ಕರಗುತ್ತದೆ, ಒಳಗಿನ ಇಂಗಾಲದ ಜೊತೆ ಸೇರಿ ಕಾರ್ಬೈಡ್ ಆಗುತ್ತದೆ. ಕೆಲಸ ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ಕರಗಿದ ಸಿಲಿಕಾನ್ ಹಸಿದಿರುತ್ತದೆ, ಕಾವಲಿಲ್ಲದಿದ್ದರೆ ಎಳೆಗಳನ್ನೇ ತಿನ್ನುತ್ತದೆ. ಪೋರ್ಷೆ 2001ರಲ್ಲಿ 911 ಜಿಟಿ2 ಕಾರಿಗೆ ಕೊಟ್ಟ ಕಾರ್ಬನ್ ಸೆರಾಮಿಕ್ ಬ್ರೇಕ್ ಡಿಸ್ಕ್ ಈ ಮೂರನೆಯ ದಾರಿಯ ಸಂತಾನ. ಎರಕದ ಕಬ್ಬಿಣದ ಡಿಸ್ಕಿಗಿಂತ ತೂಕ ಹತ್ತಿರ ಹತ್ತಿರ ಅರ್ಧ.

ಈ ಡಿಸ್ಕುಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಬ್ಬಿಣದ ಡಿಸ್ಕ್ ಸವೆದಿದೆಯಾ ಅಂತ ನೋಡಲು ಮೆಕ್ಯಾನಿಕ್ ಅದರ ದಪ್ಪ ಅಳೆಯುತ್ತಾನೆ. ಕಾರ್ಬನ್ ಸೆರಾಮಿಕ್ ಡಿಸ್ಕನ್ನು ಬಿಚ್ಚಿ ತಕ್ಕಡಿ ಮೇಲೆ ಇಡುತ್ತಾರೆ. ಕನಿಷ್ಠ ತೂಕ ಎಷ್ಟಿರಬೇಕು ಅಂತ ಡಿಸ್ಕ್ ಮೇಲೇ ಬರೆದಿರುತ್ತದೆ. ದಪ್ಪ ಇದ್ದ ಹಾಗೇ ಇದ್ದು, ಒಳಗಿನ ಇಂಗಾಲ ಮಾತ್ರ ಉರಿದು ಖಾಲಿಯಾಗಿರಬಹುದು. ಕಣ್ಣಿಗೆ ಕಾಣುವುದಿಲ್ಲ, ತೂಕದಲ್ಲಿ ಗೊತ್ತಾಗುತ್ತದೆ.

ಒಳಗಿನ ಇಂಗಾಲಕ್ಕೆ ಗಾಳಿ ತಲುಪುವುದು ಹೇಗೆ? ಅದರ ಸುತ್ತ ಉರಿಯದ ಸೆರಾಮಿಕ್ ಇದೆಯಲ್ಲ?

ಇಲ್ಲೊಂದು ಸಣ್ಣ ಲೆಕ್ಕ ಮಾಡಿ. ಸಿಲಿಕಾನ್ ಕಾರ್ಬೈಡ್‌ನ ಒಂದು ಮೀಟರ್ ಸರಳನ್ನು ಸಾವಿರ ಡಿಗ್ರಿ ಕಾಯಿಸಿದರೆ ಸುಮಾರು ನಾಲ್ಕೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಕಾರ್ಬನ್ ಎಳೆ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಎರಡನ್ನೂ ಜೋಡಿಸಿದ್ದು ಸಾವಿರ ಡಿಗ್ರಿಯಲ್ಲಿ. ತಣ್ಣಗಾಗುವಾಗ ಸೆರಾಮಿಕ್ ಕುಗ್ಗಬೇಕು ಅನ್ನುತ್ತದೆ, ಎಳೆ ಬಿಡುವುದಿಲ್ಲ. ಸೆರಾಮಿಕ್‌ಗೆ ಶೇಕಡ 0.4ರಷ್ಟು ಎಳೆತ ಬೀಳುತ್ತದೆ, ಅದು ತಾಳುವುದು ಶೇಕಡ 0.1. ಅಂದಮೇಲೆ ಬಿರುಕು ಬಿಡಲೇಬೇಕು. ವಸ್ತು ಕುಲುಮೆಯಿಂದ ಹೊರಗೆ ಬರುವಾಗಲೇ, ಒಂದು ದಿನವೂ ಕೆಲಸ ಮಾಡುವ ಮೊದಲೇ, ಮೈ ತುಂಬ ಮೈಕ್ರಾನ್ ಅಗಲದ ಬಿರುಕುಗಳನ್ನು ಹೊತ್ತೇ ಬರುತ್ತದೆ. ಇದು ತಯಾರಿಕೆಯ ದೋಷ ಅಲ್ಲ. ಈ ಜೋಡಿಯ ಹುಟ್ಟುಗುಣ. ಎಳೆಗಳು ಹಿಡಿದುಕೊಂಡಿರುವುದರಿಂದ ವಸ್ತು ಮುರಿಯುವುದಿಲ್ಲ, ಆದರೆ ಆಮ್ಲಜನಕಕ್ಕೆ ಬಾಗಿಲು ತೆರೆದೇ ಇರುತ್ತದೆ.

ಬಾಗಿಲು ದಾಟಿದ ಆಮ್ಲಜನಕ ಮೊದಲು ತಿನ್ನುವುದು ಏನನ್ನು? ನಡುವಿನ ಪದರವನ್ನು. ಟಫ್‌ನೆಸ್ ಕೊಟ್ಟಿದ್ದ ಅದೇ ಪೈರೋಲಿಟಿಕ್ ಕಾರ್ಬನ್ ಎಳೆಯ ಸುತ್ತ ಉಂಗುರದ ಆಕಾರದಲ್ಲಿ ಉರಿದು ಖಾಲಿಯಾಗುತ್ತದೆ. ಆ ಸಂದಿಯಲ್ಲಿ ಆಮ್ಲಜನಕ ಇನ್ನೂ ಆಳಕ್ಕೆ ಇಳಿಯುತ್ತದೆ. ಆಮೇಲೆ ಎಳೆಯ ಸರದಿ. ಬಿರುಕಿನ ಎದುರಿಗಿದ್ದ ಜಾಗದಲ್ಲಿ ಎಳೆ ಸಣ್ಣದಾಗುತ್ತಾ ಹೋಗಿ, ಚೂಪು ಮೊನೆಯಾಗಿ, ತುಂಡಾಗುತ್ತದೆ. ಒಟ್ಟು ತೂಕದಲ್ಲಿ ಕೆಲವೇ ಶೇಕಡ ಕಡಿಮೆಯಾಗುವ ಹೊತ್ತಿಗೆ ಬಲ ಅರ್ಧಕ್ಕೆ ಇಳಿದಿರಬಹುದು. ಬಿರುಕನ್ನು ತಿರುಗಿಸಿ ವಸ್ತುವನ್ನು ಕಾಪಾಡಿದ ದಾರಿಯೇ ಬೆಂಕಿಗೂ ದಾರಿ. ಟಫ್‌ನೆಸ್ ಬೇರೆಯಲ್ಲ, ಉರಿಯದಿರುವುದು ಬೇರೆಯಲ್ಲ ಅಂತ ನಾನು ಹೇಳಿದ್ದು ಇದಕ್ಕೇ.

ಬಿಸಿ ಹೆಚ್ಚಾದಷ್ಟೂ ಅಪಾಯ ಹೆಚ್ಚು ಅಂತ ನೀವು ಅಂದುಕೊಂಡಿರಬಹುದು. ಇಲ್ಲಿ ಹಾಗಿಲ್ಲ, ಅದೇ ಸ್ವಾರಸ್ಯ. ವಸ್ತು ತಯಾರಾದ ಬಿಸಿಗೆ ಹತ್ತಿರ ಬಂದ ಹಾಗೆ ಸೆರಾಮಿಕ್ ಮತ್ತೆ ಹಿಗ್ಗಿ ಬಿರುಕುಗಳು ತಾವೇ ಮುಚ್ಚಿಕೊಳ್ಳುತ್ತವೆ. ಜೊತೆಗೆ ಸಾವಿರ ಡಿಗ್ರಿ ದಾಟಿದ ಮೇಲೆ ಸಿಲಿಕಾನ್ ಕಾರ್ಬೈಡ್‌ನ ಮೈ ಆಮ್ಲಜನಕದ ಜೊತೆ ಸೇರಿ ಸಿಲಿಕಾ ಆಗುತ್ತದೆ, ಅಂದರೆ ಗಾಜಿನ ತೆಳು ಪೊರೆ. ಒಂದು ಪಾಲು ಕಾರ್ಬೈಡ್ ಹೋಗಿ ಎರಡು ಪಾಲಿಗೂ ಜಾಸ್ತಿ ಗಾತ್ರದ ಸಿಲಿಕಾ ಬರುವುದರಿಂದ ಸಂದಿಗಳು ತುಂಬಿಕೊಳ್ಳುತ್ತವೆ. ರಾತ್ರಿ ಒಲೆಯಲ್ಲಿ ಬೂದಿ ಮುಚ್ಚಿಟ್ಟ ಕೆಂಡ ಬೆಳಗಿನವರೆಗೂ ಉರಿದುಹೋಗದೆ ಉಳಿಯುತ್ತದಲ್ಲ, ಹಾಗೆ. ಇಂಗಾಲವೂ ಇದೆ, ಬಿಸಿಯೂ ಇದೆ, ಗಾಳಿ ಮಾತ್ರ ತಲುಪುತ್ತಿಲ್ಲ.

ತೊಂದರೆ ಇರುವುದು ನಡುವಿನ ಬಿಸಿಯಲ್ಲಿ, 500ರಿಂದ 900 ಡಿಗ್ರಿವರೆಗೆ. ಇಂಗಾಲ ಉರಿಯಲು ಅಷ್ಟು ಸಾಕು. ಬಿರುಕು ಮುಚ್ಚಲು ಸಾಲದು, ಸಿಲಿಕಾ ಪೊರೆ ಕಟ್ಟಲೂ ಸಾಲದು. ಬ್ರೇಕ್ ಡಿಸ್ಕ್, ಎಂಜಿನ್ ಫ್ಲಾಪ್ ಜೋರಾಗಿ ಕಾಯುವಾಗ ಇರುವುದು ಇದೇ ವಲಯದಲ್ಲಿ ಅಥವಾ ಇದನ್ನು ದಾಟಿ ಹೋಗುತ್ತಾ ಬರುತ್ತಾ. ಅದರಲ್ಲೂ ಕೆಳಗಿನ ತುದಿ, ಅಂದರೆ 500 ಡಿಗ್ರಿ ಹತ್ತಿರ, ಇನ್ನೂ ಮೋಸದ್ದು. ಅಲ್ಲಿ ಇಂಗಾಲ ನಿಧಾನವಾಗಿ ಉರಿಯುವುದರಿಂದ ಆಮ್ಲಜನಕಕ್ಕೆ ಒಳಗಿನ ಮೂಲೆ ಮೂಲೆಗೂ ಹೋಗಲು ಸಮಯ ಸಿಗುತ್ತದೆ. ಹೊರಮೈ ಚೆನ್ನಾಗಿಯೇ ಕಾಣುತ್ತದೆ, ಒಳಗೆಲ್ಲ ಟೊಳ್ಳು.

ಸೋಡಿಯಂ, ಪೊಟ್ಯಾಸಿಯಂ ಲವಣಗಳು ಸೇರಿದರಂತೂ ಇಂಗಾಲ ಇನ್ನೂ ಕಡಿಮೆ ಬಿಸಿಗೇ ಉರಿಯುತ್ತದೆ. ಹಿಮ ಬೀಳುವ ದೇಶಗಳಲ್ಲಿ ರನ್‌ವೇ ಮೇಲಿನ ಮಂಜುಗಡ್ಡೆ ಕರಗಿಸಲು ಪೊಟ್ಯಾಸಿಯಂ ಅಸಿಟೇಟ್ ಸುರಿಯಲು ಶುರು ಮಾಡಿದ ಮೇಲೆ ವಿಮಾನಗಳ ಕಾರ್ಬನ್ ಬ್ರೇಕುಗಳು ಬೇಗ ಹಾಳಾಗತೊಡಗಿದವು. ಅದಕ್ಕೆ ಉತ್ತರವಾಗಿ ಬ್ರೇಕಿನ ಉಜ್ಜದ ಭಾಗಗಳಿಗೆ ಫಾಸ್ಫೇಟ್ ಕುಡಿಸುತ್ತಾರೆ. ಇಂಗಾಲದ ಹಾಳೆಗಳ ಅಂಚಿನಲ್ಲಿ ಆಮ್ಲಜನಕ ಕಚ್ಚುವ ಜಾಗಗಳಿವೆ. ಫಾಸ್ಫೇಟ್ ಮೊದಲೇ ಹೋಗಿ ಆ ಜಾಗ ಹಿಡಿದುಕೊಳ್ಳುತ್ತದೆ.

ಬಿರುಕು ತಪ್ಪಿಸಲು ಆಗುವುದಿಲ್ಲ ಅಂದಮೇಲೆ ಬಿರುಕು ತಾನೇ ವಾಸಿಯಾಗುವಂತೆ ಮಾಡಿದರೆ? ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಆಲೋಚನೆ ಇದು. ನಡುವಿನ ಬಿಸಿಯಲ್ಲಿ ಗಾಜಾಗಬಲ್ಲ ವಸ್ತು ಬೇಕು. ಅದು ಬೋರಾನ್. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರ್ ಇದೇ ಮೂಲವಸ್ತುವಿನದ್ದು. ಬೋರಾನ್ ಕಾರ್ಬೈಡ್‌ನಂಥ ವಸ್ತುಗಳನ್ನು ಸಿಲಿಕಾನ್ ಕಾರ್ಬೈಡ್ ಜೊತೆ ಪದರ ಪದರವಾಗಿ ಎಳೆಗಳ ಸುತ್ತ ಕೂರಿಸುತ್ತಾರೆ. ಬಿರುಕು ಆ ಪದರ ದಾಟಿದಾಗ ಅದರ ಹಿಂದೆಯೇ ಆಮ್ಲಜನಕ ಬರುತ್ತದೆ. ಬಂದ ಆಮ್ಲಜನಕವನ್ನು ಬೋರಾನ್ ಹಿಡಿದು ಬೋರಿಕ್ ಆಕ್ಸೈಡ್ ಆಗುತ್ತದೆ. ಅದು ಸುಮಾರು 450 ಡಿಗ್ರಿಗೇ ಕರಗುತ್ತದೆ, ಹರಿದು ಬಿರುಕನ್ನು ತುಂಬುತ್ತದೆ. ಬೋರಾನ್ ಕಾರ್ಬೈಡ್ ಆಕ್ಸೈಡ್ ಆದಾಗ ಗಾತ್ರ ಮೂರು ಪಟ್ಟಿಗೂ ಜಾಸ್ತಿಯಾಗುವುದರಿಂದ ತುಂಬಲು ಸಾಮಾನಿಗೆ ಬರವಿಲ್ಲ. ಬಿಸಿ ಸಾವಿರದ ಮೇಲೆ ಹೋದಾಗ ಬೋರಿಕ್ ಆಕ್ಸೈಡ್ ಆವಿಯಾಗಿ ಹೋಗಲು ನೋಡುತ್ತದೆ. ಅಷ್ಟು ಹೊತ್ತಿಗೆ ಸಿಲಿಕಾ ಹುಟ್ಟಿರುತ್ತದೆ. ಎರಡೂ ಸೇರಿ ಬೋರೋಸಿಲಿಕೇಟ್ ಗಾಜು ಆಗುತ್ತದೆ, ಕಾಲೇಜಿನ ಲ್ಯಾಬ್ ಬೀಕರ್ ಮಾಡುವ ಗಾಜಿನ ಜಾತಿಯದ್ದು. ಇನ್ನೂ ಮೇಲೆ ಹೋದರೆ ಸಿಲಿಕಾ ಒಂದೇ ಸಾಕು. ಹೀಗೆ ಒಂದೊಂದು ಬಿಸಿಗೆ ಒಂದೊಂದು ಕಾವಲುಗಾರ.

ನಡುವಿನ ಪದರಕ್ಕೂ ಇದೇ ಜಾಣತನ. ಪೈರೋಲಿಟಿಕ್ ಕಾರ್ಬನ್ ಬದಲು ಬೋರಾನ್ ನೈಟ್ರೈಡ್ ಹಾಕುತ್ತಾರೆ. ಅದೂ ಗ್ರಾಫೈಟ್ ಹಾಗೆ ಪದರ ಪದರವಾಗಿರುವುದರಿಂದ ಬಿರುಕನ್ನು ತಿರುಗಿಸುವ ಕೆಲಸ ಬಲ್ಲದು. ಇಂಗಾಲಕ್ಕಿಂತ ಹೆಚ್ಚು ಬಿಸಿ ತಾಳುತ್ತದೆ. ಕೊನೆಗೆ ಉರಿದರೂ ಗಾಳಿಯಾಗಿ ಮಾಯವಾಗದೆ ಗಾಜಾಗಿ ಅಲ್ಲೇ ಉಳಿದು ಸಂದಿ ಮುಚ್ಚುತ್ತದೆ. ಟಫ್‌ನೆಸ್ ಮತ್ತು ಉರಿಯದ ಗುಣ ಎರಡೂ ಒಂದೇ ಪದರದಿಂದ ಸಿಗುವುದು ಇಂಥ ಕಡೆ ಮಾತ್ರ.

ಈ ವಾಸಿಯಾಗುವ ಸೆರಾಮಿಕ್‌ಗಳನ್ನು ಬೆಳೆಸಿದ ಮುಖ್ಯ ಜಾಗಗಳಲ್ಲಿ ಒಂದು ಫ್ರಾನ್ಸಿನ ಬೋರ್ಡೋ. ಕೊಳೆರೋಗಕ್ಕೆ ನಾವು ತೋಟದಲ್ಲಿ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ ಸೀಮೆಯೇ ಅದು. ರಫೇಲ್ ಯುದ್ಧವಿಮಾನದ ಎಂ88 ಎಂಜಿನ್ನಿನ ಬಾಲದಲ್ಲಿರುವ ಹೊರಗಿನ ಫ್ಲಾಪ್‌ಗಳು 1990ರ ದಶಕದಿಂದ ಕಾರ್ಬನ್ ಎಳೆ ಮತ್ತು ಸಿಲಿಕಾನ್ ಕಾರ್ಬೈಡ್‌ನವು. 2020ರ ಜುಲೈನಲ್ಲಿ ಅಂಬಾಲಕ್ಕೆ ಬಂದಿಳಿದ ನಮ್ಮ ವಾಯುಪಡೆಯ ರಫೇಲ್‌ಗಳಿಗೂ ಅದೇ ಎಂಜಿನ್. ಕೊಡಗಿನವರಿಗೆ ಇದನ್ನು ಹೇಳುವಾಗ ಇನ್ನೊಂದು ನೆನಪಾಗುತ್ತದೆ. 1965ರ ಯುದ್ಧದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸರ್ಗೋಧಾ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನವೂ ರಫೇಲ್ ಮಾಡುವ ದಸ್ಸೋ ಕಂಪನಿಯದ್ದೇ. ಆ ಕಾಲದಲ್ಲಿ ಕಾರ್ಬನ್ ಫೈಬರ್ ಇನ್ನೂ ಪ್ರಯೋಗಾಲಯ ಬಿಟ್ಟು ಹೊರಬರುತ್ತಿತ್ತು ಅಷ್ಟೇ.

ಬೋರಾನ್‌ಗೆ ಒಂದು ದೊಡ್ಡ ದೌರ್ಬಲ್ಯ ಇದೆ, ಅದು ತೇವ. ಬಿರುಕಿನಲ್ಲಿ ಕೂತ ಬೋರಿಕ್ ಆಕ್ಸೈಡ್ ಗಾಜು ತಣ್ಣಗಾದ ಮೇಲೆ ಗಾಳಿಯ ನೀರು ಹೀರಿ ಬೋರಿಕ್ ಆಮ್ಲವಾಗುತ್ತದೆ, ಉಬ್ಬುತ್ತದೆ, ಪುಡಿಯಾಗುತ್ತದೆ. ಆಟಿ ತಿಂಗಳಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವ ನಮ್ಮ ಭಾಗಮಂಡಲದಂಥ ಊರಿನಲ್ಲಿ ಅದರ ಗತಿ ಏನಾಗಬಹುದು ಯೋಚಿಸಿ. ಬಿಸಿಯಲ್ಲೂ ನೀರಾವಿ ಅದನ್ನು ಬೇಗ ಹಾರಿಸಿಕೊಂಡು ಹೋಗುತ್ತದೆ. ಸಿಲಿಕಾ ಜೊತೆ ಬೆರೆತ ಗಾಜು ಇದಕ್ಕಿಂತ ಚೆನ್ನಾಗಿ ತಾಳುತ್ತದೆ. ಆದರೆ 1,200 ಡಿಗ್ರಿ ಮೇಲೆ ಎಂಜಿನ್ನಿನ ಒಳಗಿನ ನೀರಾವಿ ಸಿಲಿಕಾವನ್ನೂ ಬಿಡುವುದಿಲ್ಲ, ಆವಿ ಮಾಡಿ ಒಯ್ಯುತ್ತದೆ. ಅಂಥ ಕಡೆ ಮೇಲಿನಿಂದ ಇಟರ್ಬಿಯಂನಂಥ ವಿರಳ ಲೋಹದ ಸಿಲಿಕೇಟ್ ಲೇಪ ಕೊಡುತ್ತಾರೆ. ಬಿಸಿಗೆ ಅದು ಹಿಗ್ಗುವ ಪ್ರಮಾಣ ಸಿಲಿಕಾನ್ ಕಾರ್ಬೈಡ್‌ನದ್ದಕ್ಕೆ ಹೊಂದಿಕೊಳ್ಳುವುದರಿಂದ ಸುಲಭವಾಗಿ ಏಳುವುದಿಲ್ಲ.

ಬರೀ ಹೊರಗಿನ ಲೇಪವನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಸ್ಪೇಸ್ ಶಟಲ್ ಉದಾಹರಣೆ. ಅದರ ಮೂತಿ ಮತ್ತು ರೆಕ್ಕೆಯ ಮುಂದಿನ ಅಂಚು ಕಾರ್ಬನ್-ಕಾರ್ಬನ್ ವಸ್ತುವಿನದು, ಎಳೆಯೂ ಇಂಗಾಲ, ಸುತ್ತಲಿನದೂ ಇಂಗಾಲ. ಮರಳಿ ಬರುವಾಗ 1,600 ಡಿಗ್ರಿ ದಾಟುತ್ತಿತ್ತು. ಹೊರಮೈಯ ಇಂಗಾಲವನ್ನೇ ಸಿಲಿಕಾನ್ ಕಾರ್ಬೈಡ್ ಆಗಿ ಬದಲಿಸಿದ್ದರು, ಅದರ ಸೂಕ್ಷ್ಮ ಬಿರುಕುಗಳಿಗೆ ಸಿಲಿಕಾ ತುಂಬಿ, ಮೇಲೆ ಸೋಡಿಯಂ ಸಿಲಿಕೇಟ್ ಬಳಿದಿದ್ದರು. ಆದರೂ 1990ರ ದಶಕದಲ್ಲಿ ಲೇಪದಲ್ಲಿ ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಂಡವು. ಹುಡುಕಿದಾಗ ಸಿಕ್ಕಿದ ಕಾರಣ ಉಡಾವಣಾ ಕಟ್ಟೆಯ ಬಣ್ಣ. ಬಣ್ಣದಲ್ಲಿದ್ದ ಸತು ಮಳೆನೀರಿನ ಜೊತೆ ರೆಕ್ಕೆಯ ಮೇಲೆ ಇಳಿದು, ಬಿಸಿಯಲ್ಲಿ ಲೇಪವನ್ನು ತಿಂದಿತ್ತು.

ಪೆಟ್ಟಿನ ವಿಷಯದಲ್ಲಿ ಇನ್ನೂ ದುಃಖದ ಪಾಠ ಕಾದಿತ್ತು. 2003ರ ಜನವರಿ 16ರಂದು ಕೊಲಂಬಿಯಾ ಎಂಬ ಶಟಲ್ ಏರುವಾಗ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡು ಎಡ ರೆಕ್ಕೆಯ ಅಂಚಿಗೆ ಬಡಿದು ತೂತು ಮಾಡಿತು. ಫೆಬ್ರವರಿ 1ರಂದು ಮರಳುವಾಗ ಆ ತೂತಿನಿಂದ ಬಿಸಿ ಅನಿಲ ಒಳಗೆ ನುಗ್ಗಿ ನೌಕೆ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದರು. ಆಮೇಲೆ ತನಿಖೆಯವರು ಮುಕ್ಕಾಲು ಕಿಲೋ ತೂಕದ ಫೋಮ್ ಅನ್ನು ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಅಂಥದೇ ಅಂಚಿಗೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಬಿಸಿಯನ್ನು ತಡೆಯುತ್ತಿದ್ದ ವಸ್ತು ಪೆಟ್ಟನ್ನು ತಡೆಯಲಿಲ್ಲ.

1,700 ಡಿಗ್ರಿ ದಾಟಿದರೆ ಸಿಲಿಕಾ ಪೊರೆಯೇ ಕರಗಿ ಹರಿಯುತ್ತದೆ. ಇನ್ನು ಆಮ್ಲಜನಕ ತೀರ ಕಡಿಮೆ ಇರುವ ಎತ್ತರದಲ್ಲಿ, ಇದಕ್ಕಿಂತ ಕಡಿಮೆ ಬಿಸಿಯಲ್ಲೇ ಬೇರೊಂದು ಪೇಚು. ಸಿಲಿಕಾನ್ ಕಾರ್ಬೈಡ್ ಪೊರೆ ಕಟ್ಟದೆ ಸಿಲಿಕಾನ್ ಮಾನಾಕ್ಸೈಡ್ ಅನಿಲವಾಗಿ ಹಾರಿಹೋಗುತ್ತದೆ. ಅಲ್ಲಿಗೆ ಜಿರ್ಕೋನಿಯಂ ಡೈಬೋರೈಡ್, ಹಾಫ್ನಿಯಂ ಕಾರ್ಬೈಡ್‌ನಂಥವು ಬೇಕು. ಇವು ಕರಗಲು 3,000 ಡಿಗ್ರಿಗೂ ಮೇಲೆ ಹೋಗಬೇಕು. ಜಿರ್ಕೋನಿಯಂ ಡೈಬೋರೈಡ್ ಉರಿದು ಜಿರ್ಕೋನಿಯಾ ಆಗುತ್ತದೆ, ಅದೂ 2,700 ಡಿಗ್ರಿವರೆಗೆ ಕರಗುವುದಿಲ್ಲ. ಆದರೆ ಅದರ ತುಂಬ ಸಣ್ಣ ತೂತು. ಅದಕ್ಕೆ ಸಿಲಿಕಾನ್ ಕಾರ್ಬೈಡ್ ಅನ್ನೂ ಬೆರೆಸುತ್ತಾರೆ. ಜಿರ್ಕೋನಿಯಾ ಗೂಡಿನಂತೆ ನಿಂತು, ಸಿಲಿಕಾ ಗಾಜು ಅದರ ತೂತುಗಳನ್ನು ತುಂಬುತ್ತದೆ. ತೊಡಕು ಏನೆಂದರೆ ಇವು ಭಾರ ಜಾಸ್ತಿ, ಹೆಚ್ಚು ಹಾಕಿದಷ್ಟೂ ಹಗುರತನ ಹೋಗುತ್ತದೆ.

ನಮ್ಮ ದೇಶದಲ್ಲೂ ಈ ಕೆಲಸ ಚೆನ್ನಾಗಿ ನಡೆದಿದೆ. ಅಗ್ನಿ ಕ್ಷಿಪಣಿಯ ಶಾಖ ಕವಚ, ತೇಜಸ್ ವಿಮಾನದ ಬ್ರೇಕ್ ಡಿಸ್ಕ್ ಕಾರ್ಬನ್-ಕಾರ್ಬನ್‌ನವು. 2024ರ ಏಪ್ರಿಲ್‌ನಲ್ಲಿ ಇಸ್ರೋ ಪಿಎಸ್‌ಎಲ್‌ವಿಯ ನಾಲ್ಕನೇ ಹಂತಕ್ಕೆ ಕಾರ್ಬನ್-ಕಾರ್ಬನ್ ನಾಝಲ್ ಮಾಡಿರುವುದನ್ನು ತಿಳಿಸಿತು. ಹಿಂದಿನ ಕೊಲಂಬಿಯಂ (ನಯೋಬಿಯಂ ಲೋಹದ ಹಳೆಯ ಹೆಸರು) ಮಿಶ್ರಲೋಹದ ನಾಝಲ್‌ಗಿಂತ ತೂಕ ಸುಮಾರು ಮೂರನೇ ಎರಡು ಪಾಲು ಕಡಿಮೆ. ಅಷ್ಟರಿಂದಲೇ ರಾಕೆಟ್ 15 ಕಿಲೋವರೆಗೆ ಹೆಚ್ಚು ಹೊರೆ ಹೊರಬಲ್ಲದು. ತಮಿಳುನಾಡಿನ ಮಹೇಂದ್ರಗಿರಿಯ ಇಸ್ರೋ ಕೇಂದ್ರದಲ್ಲಿ ಮಾರ್ಚ್ 19ರಂದು 60 ಸೆಕೆಂಡ್, ಏಪ್ರಿಲ್ 2ರಂದು 200 ಸೆಕೆಂಡ್ ಉರಿಸಿ ನೋಡಿದರು. ನಾಝಲ್‌ನ ಬಿಸಿ 1,216 ಕೆಲ್ವಿನ್‌ಗೆ, ಅಂದರೆ 943 ಡಿಗ್ರಿ ಸೆಲ್ಸಿಯಸ್‌ಗೆ ಬಂದು ನಿಂತಿತು. ಮೇಲಿನ ಲೇಪ ಸಿಲಿಕಾನ್ ಕಾರ್ಬೈಡ್. ಆ 943 ಡಿಗ್ರಿ ಎಲ್ಲಿದೆ ಗಮನಿಸಿ, ಕಷ್ಟದ ನಡುವಲಯದ ಮೇಲಿನ ಅಂಚಿಗೆ ತಾಗಿಕೊಂಡೇ. ಆದರೆ ನಾಝಲ್‌ಗೆ ಒಮ್ಮೆ ಹಾರುವುದಷ್ಟೇ ಕೆಲಸ. ಎಂಜಿನ್ ಫ್ಲಾಪ್ ಸಾವಿರಾರು ಸಲ ಬಿಸಿಯಾಗಿ ತಣ್ಣಗಾಗಬೇಕು.

ಪೊನ್ನಂಪೇಟೆ, ಕುಶಾಲನಗರದ ಕಡೆ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡುವಾಗ ‘1,500 ಡಿಗ್ರಿಯಲ್ಲಿ ಇಷ್ಟು ಗಂಟೆ ಇಟ್ಟರೂ ತೂಕ ಇಳಿಯಲಿಲ್ಲ’ ಅನ್ನುವ ಪ್ರಬಂಧಗಳು ಸಾಕಷ್ಟು ಸಿಗುತ್ತವೆ. ಅದನ್ನು ನೋಡಿ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. 1,500 ಡಿಗ್ರಿ ಈ ವಸ್ತುವಿಗೆ ಸುಲಭದ ಪರೀಕ್ಷೆ. ಅದೇ ತುಂಡು 700 ಡಿಗ್ರಿಯಲ್ಲಿ ಏನಾಯಿತು ಅಂತ ಹುಡುಕಿ. ಕುಲುಮೆಯಲ್ಲಿ ಸುಮ್ನೆ ಮಲಗಿಸಿಟ್ಟಿದ್ದರಾ, ಇಲ್ಲ ಎಳೆದು ಹಿಡಿದಿದ್ದರಾ ನೋಡಿ. ಎಳೆತ ಇದ್ದಾಗ ಬಿರುಕು ಬಾಯಿ ತೆರೆದೇ ಇರುತ್ತದೆ, ಗಾಜು ಅದನ್ನು ತುಂಬುವುದು ತುಂಬ ಕಷ್ಟ. ಒಣ ಗಾಳಿಯಾ, ನೀರಾವಿ ಬೆರೆತದ್ದಾ ನೋಡಿ. ತೂಕದ ಅಂಕಿಯನ್ನೂ ಹುಷಾರಾಗಿ ಓದಬೇಕು. ಇಂಗಾಲ ಉರಿದು ತೂಕ ಇಳಿಯುವಾಗಲೇ ಸಿಲಿಕಾ ಬೆಳೆದು ತೂಕ ಏರುತ್ತಿರುತ್ತದೆ. ಎರಡೂ ಸರಿಸಮ ಆದರೆ ತಕ್ಕಡಿ ಏನೂ ಆಗಿಲ್ಲ ಅನ್ನುತ್ತದೆ. ಆ ತುಂಡನ್ನು ಆಮೇಲೆ ಬಗ್ಗಿಸಿ ಮುರಿದು ಬಲ ಎಷ್ಟು ಉಳಿದಿದೆ ಅಂತ ಬರೆದಿದ್ದಾರಾ, ಮುರಿದ ಮುಖದ ಫೋಟೋದಲ್ಲಿ ಎಳೆಗಳು ಇನ್ನೂ ಹೊರಗೆ ಚಾಚಿಕೊಂಡಿವೆಯಾ, ಅವುಗಳ ತುದಿ ದುಂಡಗಿದೆಯಾ ಚೂಪಾಗಿದೆಯಾ, ಅದನ್ನು ನೋಡಿ.